ಹಿಮ್ಮಡಿ ಮೇಲಿನ ಟೆಂಡನ್ ಪೂರ್ತಿ ಹರಿದಿದೆ, ಸಣ್ಣ ಗಾಯದ ಆಪರೇಷನ್ ಸಾಕಾ?

ಭಾನುವಾರದ ಷಟಲ್, ದಾವಣಗೆರೆ

ವಯಸ್ಸು 41. ಮಂಡಿಪೇಟೆಯಲ್ಲಿ ಅಂಗಡಿ. ವಾರಕ್ಕೊಂದು ದಿನ ಷಟಲ್, ಉಳಿದ ಆರು ದಿನ ಗಲ್ಲಾ ಮುಂದೆ ಕೂರುವುದು. ಕಳೆದ ಭಾನುವಾರ ನೆಟ್ ಹತ್ತಿರ ಬಿದ್ದ ಕಾಕ್ ಎತ್ತಲು ನುಗ್ಗಿದೆ, ಟಪ್ ಅಂತ ಸದ್ದಾಯಿತು. ಹಿಂದಿನಿಂದ ಒದ್ದ ಅಂದುಕೊಂಡು ತಿರುಗಿ ಪಾರ್ಟ್ನರ್‌ಗೆ ಬೈದೆ, ನೋಡಿದರೆ ಅವನು ಎರಡು ಮಾರು ದೂರದಲ್ಲಿದ್ದ. ಒಂದು ಗಂಟೆಯಲ್ಲಿ ನೋವು ಇಳಿಯಿತು, ಕುಂಟುತ್ತಾ ನಡೆಯಲೂ ಬಂತು, ಹಾಗಾಗಿ ಉಳುಕು ಅಂತಲೇ ನಂಬಿ ಮೂರು ದಿನ ಸುಮ್ನೆ ಎಣ್ಣೆ ತಿಕ್ಕಿಸಿಕೊಂಡೆ.

ಆಮೇಲೆ ಮೂಳೆ ಡಾಕ್ಟರ್ ಬೋರಲು ಮಲಗಿಸಿ ಮೀನಖಂಡ ಹಿಚುಕಿದರು. ಎಡಪಾದ ಅಲ್ಲಾಡಿತು, ಬಲಪಾದ ಅಲ್ಲಾಡಲೇ ಇಲ್ಲ. ಸ್ಕ್ಯಾನ್‌ನಲ್ಲಿ ಹಿಮ್ಮಡಿಯಿಂದ 4 ಸೆಂ.ಮೀ. ಮೇಲೆ ಪೂರ್ತಿ ಹರಿದಿದೆ. ಇವತ್ತಿಗೆ ಆರನೇ ದಿನ. ಇವರು ಸಣ್ಣ ಗಾಯ ಮಾಡಿ ಹೊಲಿಯೋಣ ಅನ್ನುತ್ತಾರೆ, ಇನ್ನೊಬ್ಬರು ಬಿಡಿಸಿ ನೋಡಿ ಹೊಲಿದರೇ ಗಟ್ಟಿ ಅನ್ನುತ್ತಾರೆ, ಬಾಮೈದ ಆಪರೇಷನ್ನೇ ಬೇಡ ಅಂತ ಪಟ್ಟು ಹಿಡಿದಿದ್ದಾನೆ. ಮಾಡಿಸಿಕೊಂಡವರು ಹೇಳಿ.

ಕೋಟೆ ಪಕ್ಕದ ಮನೆ, ಚಿತ್ರದುರ್ಗ

ನನಗೆ ಸಣ್ಣ ಗಾಯದ್ದೇ ಆಗಿದ್ದು, ಎರಡು ವರ್ಷವಾಯಿತು. ಬೋರಲು ಮಲಗಿಸಿ ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಹರಿದ ಜಾಗದ ಮೇಲೆ ಎರಡೂವರೆ ಸೆಂಟಿಮೀಟರ್ ಕುಯ್ದು, ಎರಡೂ ಪಕ್ಕದಿಂದ ಚರ್ಮದ ಮೂಲಕವೇ ಸೂಜಿ ತೂರಿಸಿ, ದಾರಗಳನ್ನು ಆ ತೂತಿನಲ್ಲಿ ಹೊರಗೆಳೆದು ಗಂಟು ಹಾಕಿದರು. ಗಾಯ ಬೇಗ ಒಣಗಿತು, ಕಲೆ ಹುಡುಕಬೇಕು ಅಷ್ಟೇ.

ಆದರೆ ಪಾದದ ಹೊರಅಂಚು ಜೋಮು ಹಿಡಿದಂತೆ ಆಗಿಬಿಟ್ಟಿತು. ಚಪ್ಪಲಿ ಪಟ್ಟಿ ಬೇರೆಯವರ ಕಾಲಿಗೆ ತಾಗಿದ ಹಾಗೆ. ಆ ಕಡೆ ಸ್ಪರ್ಶದ ನರವೊಂದು ಟೆಂಡನ್ ಪಕ್ಕದಲ್ಲೇ ಹಾಯುತ್ತದೆ, ಸೂಜಿ ಕಾಣದೆ ಹೋಗುವುದರಿಂದ ಅದಕ್ಕೆ ತಗುಲಬಹುದು ಅಂತ ಆಮೇಲೆ ಗೊತ್ತಾಯಿತು. ಮೊದಲೇ ಯಾರೂ ಹೇಳಲಿಲ್ಲ, ಅದಕ್ಕೇ ಸಿಟ್ಟು. ಎಂಟು ತಿಂಗಳಿಗೆ ಮುಕ್ಕಾಲು ಪಾಲು ಸರಿಹೋಯಿತು. ನೀವು ಆ ಪ್ರಶ್ನೆ ಕೇಳಿಯೇ ಸಹಿ ಹಾಕಿ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕುರ್ಚಿ ಕಮೋಡ್ ತಂದಿಟ್ಟುಕೊಳ್ಳಿ, ಕುಕ್ಕರುಗಾಲಲ್ಲಿ ಕೂರುವುದು ತಿಂಗಳುಗಟ್ಟಲೆ ಕನಸು.

ಫಿಸಿಯೋ, ವಿದ್ಯಾನಗರ

ಅಣ್ಣಾ, ಮೊದಲು ಎಣ್ಣೆ ತಿಕ್ಕುವುದು ನಿಲ್ಲಿಸಿ. ನಮ್ಮ ಕಡೆ ಟೆಂಡನ್‌ಗೂ ‘ನರ’, ನರಕ್ಕೂ ‘ನರ’ ಅನ್ನುತ್ತೇವಲ್ಲ, ಈ ಗೊಂದಲ ಅಲ್ಲಿಂದಲೇ. ಇದು ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಹಗ್ಗ. ತಿಕ್ಕಿದರೆ ಕೂಡುವುದಿಲ್ಲ.

ನಿಮ್ಮ ಬಾಮೈದನ ಮಾತೂ ಪೂರ್ತಿ ಸುಳ್ಳಲ್ಲ. ನಾರ್ವೆಯಲ್ಲಿ ಹೀಗೇ ಹರಿದ 526 ಜನರನ್ನು ಆಪರೇಷನ್ ಇಲ್ಲದೆ, ಬಿಡಿಸಿ ಹೊಲಿಯುವ ಉದ್ದ ಗಾಯ, ಸಣ್ಣ ಗಾಯ ಅಂತ ಮೂರು ಗುಂಪು ಮಾಡಿ ನೋಡಿದ ಅಧ್ಯಯನ 2022ರಲ್ಲಿ ಬಂತು. ವರ್ಷದ ನಂತರ ಕಾಲಿನ ಕೆಲಸ ಮೂರು ಗುಂಪಲ್ಲೂ ಹೆಚ್ಚುಕಡಿಮೆ ಒಂದೇ. ಮತ್ತೆ ಹರಿದದ್ದು ಆಪರೇಷನ್ ಇಲ್ಲದವರಲ್ಲಿ ಶೇ. 6.2, ಎರಡೂ ಬಗೆಯ ಆಪರೇಷನ್‌ನಲ್ಲಿ ಶೇ. 0.6. ನರಕ್ಕೆ ಪೆಟ್ಟಾದದ್ದು ಸಣ್ಣ ಗಾಯದಲ್ಲಿ 9 ಜನಕ್ಕೆ, ಉದ್ದ ಗಾಯದಲ್ಲಿ 5, ಆಪರೇಷನ್ ಇಲ್ಲದವರಲ್ಲಿ ಒಬ್ಬರಿಗೆ. ಉದ್ದ ಗಾಯಕ್ಕೆ ಅದರದ್ದೇ ತಲೆನೋವು ಇದೆ, ಅಲ್ಲಿ ಚರ್ಮ ತೆಳು, ಕೀವಾದರೆ ಬಹಳ ಕಷ್ಟ. ಶುಗರ್, ಬೀಡಿ ಸಿಗರೇಟು ಇದ್ದವರಿಗೆ ಇನ್ನೂ ಜಾಸ್ತಿ. ಹಾಗಾಗಿ ಯಾವುದು ಗಟ್ಟಿ ಅಂತ ಕೇಳಬೇಡಿ, ಆ ಡಾಕ್ಟರಿಗೆ ಯಾವುದು ಕೈಗೆ ಹತ್ತಿದೆ ಅಂತ ಕೇಳಿ.

ಏನೇ ಮಾಡಿಸಿದರೂ ಎರಡು ವಾರದ ಒಳಗೆ ಮಾಡಿಸಿ. ತಡವಾದಷ್ಟೂ ತುದಿಗಳು ದೂರ ಸರಿಯುತ್ತವೆ, ಸಣ್ಣ ತೂತಿನಲ್ಲಿ ಎಳೆದು ಸೇರಿಸಲು ಬರುವುದಿಲ್ಲ. ಅಲ್ಲಿಯವರೆಗೆ ಬೆರಳು ಕೆಳಮುಖ ಮಾಡಿ ಪಟ್ಟಿ ಹಾಕಿಸಿಕೊಂಡಿರಿ. ಆಮೇಲೆ ಹಿಮ್ಮಡಿ ಕೆಳಗೆ ಬೆಣೆ ಇರುವ ಬೂಟು ಕೊಡುತ್ತಾರೆ, ಒಂದೊಂದೇ ಬೆಣೆ ತೆಗೆಯುತ್ತಾ ಆರರಿಂದ ಎಂಟು ವಾರಕ್ಕೆ ಪಾದ ನೇರ. ನಾನು ನೋಡಿದ ಮಟ್ಟಿಗೆ ಕೆಡುವುದು ಇಲ್ಲೇ: ನೋವಿಲ್ಲ ಅಂತ ಮೂರನೇ ವಾರ ಬೂಟು ಬಿಚ್ಚಿ ಬಚ್ಚಲಿಗೆ ನಡೆಯುತ್ತಾರೆ, ಜಾರುತ್ತಾರೆ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ಕಾಯಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ಓಡಿ. ಅಂದಹಾಗೆ, ಇತ್ತೀಚೆಗೆ ಸಿಪ್ರೊಫ್ಲಾಕ್ಸಾಸಿನ್ ತರಹದ ಆಂಟಿಬಯೋಟಿಕ್ ಮಾತ್ರೆ ಏನಾದರೂ ನುಂಗಿದ್ರಾ? ಅವು ಟೆಂಡನ್ ದುರ್ಬಲ ಮಾಡುತ್ತವೆ.

ಭಾನುವಾರದ ಷಟಲ್, ದಾವಣಗೆರೆ

ಅಕ್ಕಾ, ಹೋದ ತಿಂಗಳು ಹೊಟ್ಟೆ ಕೆಟ್ಟಾಗ ಮೆಡಿಕಲ್ ಶಾಪಲ್ಲಿ ಏನೋ ಮಾತ್ರೆ ಕೊಟ್ಟಿದ್ದರು, ಚೀಟಿ ಹುಡುಕುತ್ತೇನೆ. ಶುಗರ್ ಇಲ್ಲ, ಸಿಗರೇಟ್ ಇಲ್ಲ. ಬೈಕ್ ಯಾವಾಗ? ಹಿಂದಿನ ಬ್ರೇಕ್ ಬಲಗಾಲಲ್ಲೇ ಅಲ್ವಾ.

ಫಿಸಿಯೋ, ವಿದ್ಯಾನಗರ

ಬೂಟು ಬಿಟ್ಟ ಮೇಲೆ, ಗಟ್ಟಿಯಾಗಿ ಬ್ರೇಕ್ ತುಳಿಯುವ ಶಕ್ತಿ ಬಂದಾಗ. ಷಟಲ್ ಅಂತೂ ಒಂಬತ್ತು ತಿಂಗಳು, ವರ್ಷ ಅಂತಲೇ ಇಟ್ಟುಕೊಳ್ಳಿ. ಆ ಮಾತ್ರೆ ಹೆಸರು ಸಿಕ್ಕರೆ ಡಾಕ್ಟರಿಗೆ ತಪ್ಪದೆ ತೋರಿಸಿ.

ಕೋಟೆ ಪಕ್ಕದ ಮನೆ, ಚಿತ್ರದುರ್ಗ

ನಾನು ಹತ್ತನೇ ತಿಂಗಳು ಕೋಟೆ ಮೆಟ್ಟಿಲು ಹತ್ತಿದೆ. ಹತ್ತುವುದು ಸಲೀಸು, ಇಳಿಯುವಾಗಲೇ ಮೀನಖಂಡ ನಡುಗಿತು. ಬಲಗಾಲಿನದು ಈಗಲೂ ಒಂದು ಸುತ್ತು ಸಣ್ಣ.

ಭಾನುವಾರದ ಷಟಲ್, ದಾವಣಗೆರೆ

ಬುಧವಾರಕ್ಕೆ ಸಣ್ಣ ಗಾಯದ್ದೇ ಗೊತ್ತುಮಾಡಿದೆ. ನರದ ಬಗ್ಗೆ ಕೇಳಿದೆ, ಚಿತ್ರ ಬರೆದು ತೋರಿಸಿದರು. ಪಾರ್ಟ್ನರ್‌ಗೂ ಫೋನ್ ಮಾಡಿ ಕ್ಷಮೆ ಕೇಳಿದೆ.