ಟೀಮ್ ಈವೆಂಟ್ ಆಡಿದವರು ವೈಯಕ್ತಿಕ ಸ್ಪರ್ಧೆಗೂ ಇಳಿಯಬೇಕಾ?

ಪ್ರಶ್ನೆ: ಒಲಿಂಪಿಕ್ಸ್ ಫಿಗರ್ ಸ್ಕೇಟಿಂಗಲ್ಲಿ ಮೊದಲು ಟೀಮ್ ಈವೆಂಟ್ (ದೇಶಗಳ ತಂಡಗಳ ಸ್ಪರ್ಧೆ), ಆಮೇಲೆ ವೈಯಕ್ತಿಕ. ಒಬ್ಬರೇ ಎರಡರಲ್ಲೂ ಸ್ಕೇಟ್ ಮಾಡಿದರೆ ದಣಿವು ಪದಕಕ್ಕೆ ಅಡ್ಡ ಬರಲ್ವಾ?

ಉತ್ತರ 1: ಬರುತ್ತೆ, ಅದರಲ್ಲೂ ಪುರುಷರಿಗೆ. 2014ರ ಸೋಚಿ ಒಲಿಂಪಿಕ್ಸಲ್ಲಿ ರಷ್ಯಾದ ಪ್ಲಶೆಂಕೊ ತಂಡಕ್ಕಾಗಿ ಫೆಬ್ರವರಿ 6ರಂದು ಶಾರ್ಟ್ (ಚಿಕ್ಕ ಪ್ರೋಗ್ರಾಂ), 9ರಂದು ಫ್ರೀ (ಉದ್ದನೆಯ ಪ್ರೋಗ್ರಾಂ) ಎರಡೂ ಮಾಡಿದರು. ರಷ್ಯಾಕ್ಕೆ ಚಿನ್ನ ಬಂತು. ಆದರೆ 13ರಂದು ವೈಯಕ್ತಿಕ ಶಾರ್ಟ್‌ನ ವಾರ್ಮಪ್‌ನಲ್ಲೇ ಬೆನ್ನು ಕೈಕೊಟ್ಟು ಹಿಂದೆ ಸರಿದರು. ಮೊದಲೇ ಶಸ್ತ್ರಚಿಕಿತ್ಸೆಯಾಗಿದ್ದ ಬೆನ್ನಿಗೆ ನಾಲ್ಕು ದಿನದ ಬಿಡುವು ಏನೂ ಅಲ್ಲ. ಅದೇ ಸೋಚಿಯಲ್ಲಿ ಜಪಾನಿನ ಹಾನ್ಯು ತಂಡಕ್ಕೆ ಶಾರ್ಟ್ ಮಾತ್ರ ಮಾಡಿ, ವೈಯಕ್ತಿಕ ಚಿನ್ನ ಗೆದ್ದರು.

ಉತ್ತರ 2: ನಿಯಮದಲ್ಲೇ ದಾರಿ ಇದೆ. ಶಾರ್ಟ್ ಆದಮೇಲೆ 10ರಲ್ಲಿ 5 ತಂಡ ಫ್ರೀಗೆ ಹೋಗುತ್ತವೆ. ಆಗ ನಾಲ್ಕು ವಿಭಾಗಗಳ (ಪುರುಷರು, ಮಹಿಳೆಯರು, ಜೋಡಿ, ಐಸ್ ಡಾನ್ಸ್) ಪೈಕಿ ಎರಡರಲ್ಲಿ ಸ್ಕೇಟರ್ ಬದಲಿಸಬಹುದು. ಒಂದೇ ಪ್ರೋಗ್ರಾಂ ಮಾಡಿದವರಿಗೂ ತಂಡದ ಪದಕ ಸಿಗುತ್ತೆ. 2022ರ ಬೀಜಿಂಗಲ್ಲಿ ಅಮೆರಿಕ ತಂಡಕ್ಕೆ ನೇಥನ್ ಚೆನ್ ಶಾರ್ಟ್, ವಿನ್ಸೆಂಟ್ ಝೌ ಫ್ರೀ ಮಾಡಿದ್ದು ಹೀಗೇ; ಚೆನ್ ವೈಯಕ್ತಿಕ ಚಿನ್ನವನ್ನೂ ಗೆದ್ದರು. ಆದರೆ ಆ ವಿಭಾಗದಲ್ಲಿ ಒಬ್ಬರೇ ಗಟ್ಟಿ ಸ್ಕೇಟರ್ ಇರುವ ದೇಶಕ್ಕೆ ಬದಲಿಸುವುದು ಸುಲಭವಲ್ಲ. ಫ್ರೀನಲ್ಲಿ ಮೊದಲ ಸ್ಥಾನಕ್ಕೆ 10 ಅಂಕ, ಐದನೆಯದಕ್ಕೆ 6: ಆ ಅಂತರದಲ್ಲೇ ಪದಕ ಜಾರಬಹುದು.

ಉತ್ತರ 3: ಜೋಡಿಯಾಗಿ ಮಾಡುವ ಐಸ್ ಡಾನ್ಸ್ ಲೆಕ್ಕವೇ ಬೇರೆ. ಕ್ವಾಡ್ ಜಂಪ್ (ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಿಗಿತ) ಇಲ್ಲ, ಮೊಣಕಾಲಿಗೆ ಆ ಹೊಡೆತವಿಲ್ಲ. 2018ರಲ್ಲಿ ವರ್ಚೂ–ಮೊಯಿರ್ ಜೋಡಿ ಕೆನಡಾ ತಂಡಕ್ಕೆ ಎರಡೂ ಡಾನ್ಸ್ ಮಾಡಿ, ಒಂದು ವಾರದ ನಂತರ ತಮ್ಮ ಸ್ಪರ್ಧೆಯಲ್ಲೂ ಚಿನ್ನ ಗೆದ್ದಿತು. ಡಾನ್ಸರ್‌ಗಳು ಧೈರ್ಯವಾಗಿ ಎರಡೂ ಮಾಡಲಿ. ಜಂಪ್ ಮಾಡುವವರಿಗೆ ಶಾರ್ಟ್ ಸಾಕು.