ಕೆಟ್ಟದ್ದು ಅಂತ ಗೊತ್ತಿದ್ದೂ ಫಾಸ್ಟ್ ಫುಡ್ ಯಾಕೆ ಕೊಳ್ಳುತ್ತೇವೆ?

ಕುತೂಹಲಿ:
ಫಾಸ್ಟ್ ಫುಡ್ ಒಳ್ಳೇದಲ್ಲ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೂ ಕೌಂಟರ್ ಮುಂದಿನ ಸಾಲು ಕರಗುವುದಿಲ್ಲ. ಹಾಗಾದರೆ ಏನು ನೋಡಿ ಕೊಳ್ಳುತ್ತೇವೆ? ರುಚಿನಾ, ಬೆಲೆನಾ, ಜಾಹೀರಾತಾ? ಸುಮ್ನೆ ‘ನಾಲಿಗೆ ಚಪಲ’ ಅಂತ ಹೇಳಿ ಮುಗಿಸಬೇಡಿ, ಅದು ನನಗೂ ಗೊತ್ತು.

ರಾತ್ರಿಪಾಳಿ:
ಸುಸ್ತು ಸಾರ್, ಸುಸ್ತು. ಅಡುಗೆ ಅಂದರೆ ಬರೀ ಒಲೆ ಹಚ್ಚುವುದಲ್ಲ, ಹೆಚ್ಚಬೇಕು, ಬೇಯುವ ತನಕ ಕಾಯಬೇಕು, ಆಮೇಲೆ ಪಾತ್ರೆ ಬೇರೆ. ಕೆಲಸ ಮುಗಿಸಿ ಬಂದವರಿಗೆ ಬೇಗ ಕೈಗೆ ಸಿಗುವುದೇ ಊಟ. ಜೊತೆಗೆ, ಹೋದ ಸಲದ ರುಚಿಯೇ ಈ ಸಲವೂ ಸಿಗುತ್ತದೆ ಅನ್ನೋ ಧೈರ್ಯ. ಗೊತ್ತಿಲ್ಲದ ಊರಲ್ಲಿ ಅದು ಸಣ್ಣ ವಿಷಯ ಅಲ್ಲ.

ಅಳತೆಕೋಲು:
ಜಾಹೀರಾತನ್ನು ಹಗುರವಾಗಿ ತಗೋಬೇಡಿ. 2007ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರ ಒಂದು ಅಧ್ಯಯನ ಪ್ರಕಟವಾಯಿತು. 3ರಿಂದ 5 ವರ್ಷದ 63 ಮಕ್ಕಳಿಗೆ ಒಂದೇ ತಿಂಡಿಯನ್ನು ಸಾದಾ ಪೊಟ್ಟಣದಲ್ಲೂ ಮೆಕ್‌ಡೊನಾಲ್ಡ್ಸ್ ಗುರುತಿನ ಪೊಟ್ಟಣದಲ್ಲೂ ಕೊಟ್ಟರು. ಗುರುತು ಇದ್ದದ್ದೇ ರುಚಿ ಅಂದವರು ಜಾಸ್ತಿ. ಕ್ಯಾರೆಟ್ ಕೊಟ್ಟಾಗಲೂ ಅದೇ ಕಥೆ! ಮನೆಯಲ್ಲಿ ಟಿವಿಗಳು ಜಾಸ್ತಿ ಇದ್ದ ಮಕ್ಕಳಲ್ಲಿ ಈ ಒಲವು ಇನ್ನೂ ಬಲವಾಗಿತ್ತು. ನಾವು ದೊಡ್ಡವರು ಬೇರೆ ಥರ ಅಂದುಕೊಂಡಿದ್ದೇವೆ, ಅಷ್ಟೇ.

ಕೌಂಟರ್‌ನವ:
ನಾನು ಕೆಲವು ಕಾಲ ಇಂಥ ಕಡೆ ಬಿಲ್ ಹಾಕುತ್ತಿದ್ದೆ. ಒಂದೇ ಐಟಂ ತಗೋಳ್ಳೋಣ ಅಂತ ಬಂದವರು ತಲೆ ಎತ್ತಿ ಬೋರ್ಡ್ ನೋಡುತ್ತಾರೆ, ಮಧ್ಯದ ಸೈಜಿಗೂ ದೊಡ್ಡದಕ್ಕೂ ಬೆಲೆಯಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ, ಅಷ್ಟರಲ್ಲಿ ನಾವು ‘ಕಾಂಬೊ ಮಾಡ್ಲಾ?’ ಅಂತ ಕೇಳಬೇಕು, ಕೇಳಲೇಬೇಕು ಅಂತ ಮ್ಯಾನೇಜರ್ ಆರ್ಡರ್. ‘ಹೂಂ, ಮಾಡಿ’ ಅಂದುಬಿಡುತ್ತಾರೆ. ಮಧ್ಯದ ಸೈಜ್ ಇಡುವುದೇ ದೊಡ್ಡದು ಲಾಭ ಅನ್ನಿಸಲಿ ಅಂತ. ಸಾಲಡ್ ತಗೊಂಡವರದು ಇನ್ನೊಂದು ತಮಾಷೆ. ಒಳ್ಳೇದು ತಿಂದೆನಲ್ಲಾ ಅಂತ ಕೊನೆಗೆ ಐಸ್‌ಕ್ರೀಮ್ ಸೇರಿಸುತ್ತಾರೆ.

ಕುತೂಹಲಿ:
ಹಾಗಾದರೆ ಬೋರ್ಡಿನಲ್ಲೇ ಕ್ಯಾಲೊರಿ ಬರೆದರೆ ಜನ ಬದಲಾಗಬೇಕಲ್ವಾ?

ಅಳತೆಕೋಲು:
ಅಮೆರಿಕದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಮಳಿಗೆ ಇರುವ ಸರಣಿಗಳು 2018ರ ಮೇ ತಿಂಗಳಿಂದ ಬರೆಯಲೇಬೇಕು. ಪರಿಣಾಮ ಇದೆ, ಆದರೆ ಬಹಳ ಕಡಿಮೆ.

ಕೌಂಟರ್‌ನವ:
ಆ ನಂಬರ್ ಓದುವಷ್ಟರಲ್ಲಿ ಹಿಂದಿನವರು ‘ಬೇಗ ಹೇಳ್ರೀ’ ಅಂತಾರೆ! ನಾನು ನೋಡಿದ ಮಟ್ಟಿಗೆ, ಏನು ಬೇಕು ಅಂತ ಮೊದಲೇ ಯೋಚಿಸಿ ಬೋರ್ಡ್ ಕಡೆ ತಲೆ ಎತ್ತದೆ ಆರ್ಡರ್ ಹೇಳಿದವರ ಬಿಲ್ ಮಾತ್ರ ಸಣ್ಣದಾಗಿರುತ್ತಿತ್ತು.