ಅಪ್‌ಡೇಟ್: ಮೋಟಾರ್ ಆನ್ ಮಾಡಿದ್ರೆ ಬೋರ್ಡ್ ರೀಸೆಟ್ ಆಗ್ತಿತ್ತಲ್ಲ, ಸರಿಹೋಯ್ತು

ಹೋದ ವಾರ ಕೇಳಿದ್ದೆ ನೋಡಿ, ಆರ್ಡುಯಿನೊ ಊನೊ (ನಾವು ಬರೆದ ಕೋಡ್ ಓಡಿಸೋ ಪುಟ್ಟ ಕಂಟ್ರೋಲ್ ಬೋರ್ಡ್), ಎರಡು ಗೇರ್ ಮೋಟಾರ್, ಒಂದು 9 ವೋಲ್ಟ್ ಚೌಕ ಬ್ಯಾಟರಿ ಇರೋ ಪುಟ್ಟ ಕಾರು, ಚಕ್ರ ತಿರುಗೋಕೆ ಶುರುವಾದ ತಕ್ಷಣ ಬೋರ್ಡ್ ರೀಸೆಟ್ ಆಗುತ್ತೆ ಅಂತ. ಕೋಡ್ ತಪ್ಪು ಅಂದ್ಕೊಂಡು ಎರಡು ರಾತ್ರಿ ನಿದ್ದೆಗೆಟ್ಟಿದ್ದು ಪೂರ್ತಿ ದಂಡ.

ಹೊಸ ಬ್ಯಾಟರಿ ಹಾಕಿದೆ, ಹತ್ತು ನಿಮಿಷ ಓಡ್ತು, ಆಮೇಲೆ ಅದೇ ಕಥೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ (ಚೂರು ಚಾರ್ಜ್ ಕೂಡಿಟ್ಟು ಬೇಕಾದಾಗ ಕೊಡೋ ಭಾಗ) ಹಾಕಿ ಅಂತ ಉತ್ತರದಲ್ಲಿ ಅಂದಿದ್ರಲ್ಲ, ಅದ್ರಿಂದ ರೀಸೆಟ್ ಕಮ್ಮಿ ಆಯ್ತು ಅಷ್ಟೇ, ಹೋಗ್ಲಿಲ್ಲ. ಕೆಲಸಕ್ಕೆ ಬಂದಿದ್ದು "ಮೋಟಾರ್ ಓಡ್ತಿರೋವಾಗ ವೋಲ್ಟೇಜ್ ಅಳೆದು ನೋಡಿ" ಅಂದವರ ಮಾತು. ಸುಮ್ನೆ ಇದ್ದಾಗ ಮಲ್ಟಿಮೀಟರ್ 9.1 ತೋರಿಸ್ತು, ಮೋಟಾರ್ ಆನ್ ಮಾಡಿದ್ರೆ ಸೀದಾ 5.4ಕ್ಕೆ ಬಿತ್ತು! ಆ ಬ್ಯಾಟರಿ ಒಳಗಿನ ರೆಸಿಸ್ಟೆನ್ಸೇ ಜಾಸ್ತಿಯಂತೆ, ಮೋಟಾರ್ ಕೇಳೋ ಅಷ್ಟು ಕರೆಂಟ್ ಕೊಡೋಕೆ ಅದ್ರ ಕೈಲಿ ಆಗಲ್ಲ, ವೋಲ್ಟೇಜ್ ಬಿದ್ದು ಬೋರ್ಡ್ ರೀಸೆಟ್ ಆಗುತ್ತೆ.

ಈಗ ಅವರೇ ಹೇಳಿದ ಹಾಗೆ ಆರು ಎಎ ರೀಚಾರ್ಜಬಲ್ ಸೆಲ್ (ನಿಕಲ್ ಮೆಟಲ್ ಹೈಡ್ರೈಡ್) ಸೀರೀಸಲ್ಲಿ ಹಾಕಿದೀನಿ, ಒಂದೊಂದು 1.2 ಅಂದ್ರೆ ಒಟ್ಟು 7.2 ವೋಲ್ಟ್. ಕಮ್ಮಿ ಆಯ್ತೇನೋ ಅಂದ್ಕೊಂಡಿದ್ದೆ, ಆದ್ರೆ ಲೋಡ್ ಬಿದ್ರೂ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತೆ, ಒಂದು ಗಂಟೆ ಓಡಿಸಿದೆ, ಒಂದೇ ಒಂದು ರೀಸೆಟ್ ಇಲ್ಲ.

ಕುತೂಹಲಕ್ಕೆ ಸತ್ತ 9 ವೋಲ್ಟ್ ಬ್ಯಾಟರಿ ಬಿಚ್ಚಿದೆ (ನೀವು ಹೋಗ್ಬೇಡಿ, ತಗಡು ಬೆರಳು ಕುಯ್ತು), ಒಳಗೆ ಬೆರಳ ತುದಿಯಷ್ಟು ದಪ್ಪ ಇಲ್ದಿರೋ ಆರು ಪುಟಾಣಿ ಸೆಲ್, ತಲಾ 1.5 ವೋಲ್ಟ್! ಪಾಪ, ಅವು ಸ್ಮೋಕ್ ಅಲಾರಂಗೇ ಸರಿ.

18650 ಲಿಥಿಯಂ ಸೆಲ್ (ಎಎಗಿಂತ ದಪ್ಪಗಿರೋ ರೀಚಾರ್ಜಬಲ್ ಸೆಲ್) ಟ್ರೈ ಮಾಡಿಲ್ಲ, ನನ್ನ ಹತ್ರ ಅದು ಕೆಡದ ಹಾಗೆ ಕಾಯೋ ಪ್ರೊಟೆಕ್ಷನ್ ಬೋರ್ಡೂ ಇಲ್ಲ, ಅದರ ಚಾರ್ಜರೂ ಇಲ್ಲ.